ಮೈಗಾವಲು

ಸರ್ಪಸುತ್ತು ವಾಸಿಯಾಗಿದ್ದೇ ದೇವೀರಪ್ಪನಿಗೆ ಕಷ್ಟಕ್ಕೆ ಬಂತು. ಗುಳ್ಳೆಯಿದ್ದಾಗ ಅಜ್ಜಂಪುರದ ಪೇಟೆಬೀದಿಯೆಲ್ಲ ಅಯ್ಯೋ ಅಂದಿತ್ತು. ಗುಳ್ಳೆ ಒಣಗಿ ಉದುರಿದವು. ಎಡಪಕ್ಕೆಯ ಉರಿ ಮಾತ್ರ ಹೋಗಲಿಲ್ಲ. ಬನಿಯನ್ ಸೋಕಿದರೂ ಕಾದ ಹಂಚು ಒತ್ತಿದಂತಾಗುತ್ತಿತ್ತು. ಊರಿಗೆಲ್ಲ ಬಟ್ಟೆ ಮಾರುವವನು ತಾನು ಬರಿಮೈಯಲ್ಲಿ ಅಂಗಡಿಯಲ್ಲಿ ಕೂತ.

"ಗಾಯ ಎಲ್ಲೈತೆ ತೋರ್ಸಪ್ಪಾ," ಎಂದ ಎದುರಂಗಡಿಯ ಮಲ್ಲಿಕಾರ್ಜುನಪ್ಪ. "ಗಾಯ ಇಲ್ದೆ ನೋವು ಎಲ್ಲಿಂದ ಬತ್ತದೆ?"

ಹೆಂಡತಿ ಕಲ್ಲಮ್ಮನ ನೋಟದಲ್ಲೂ ಅನುಮಾನವಿತ್ತು. ಅದು ಅವನಿಗೆ ಬನಿಯನ್ನಿಗಿಂತ ಹೆಚ್ಚು ಚುಚ್ಚುತ್ತಿತ್ತು.

ತರೀಕೆರೆಗೆ ಬೆಂಗಳೂರಿನ ಡಾಕ್ಟರಮ್ಮ ಒಬ್ಬರು ಬಂದು, ಇಂಥ ನೋವಿನವರ ರಕ್ತ ತೆಗೆದು ಸಂಶೋಧನೆ ಮಾಡುತ್ತಿದ್ದಾರೆಂದು ಕೇಳಿದ್ದೇ ದೇವೀರಪ್ಪ ಹೊರಟ. ಬಸ್ಸಿಗೆ ಅಂಗಿ ಬೇಕಲ್ಲ. ಕಲ್ಲಮ್ಮ ಪಕ್ಕೆಗೆ ಬಾಳೆಲೆ ಸುತ್ತಿ ಮೇಲೆ ಅಂಗಿ ತೊಡಿಸಿದಳು. ಉಸಿರಾಡಿದಾಗಲೆಲ್ಲ ಪರಪರ ಸದ್ದು. ಬೇಡವೆಂದರೂ ಮಲ್ಲಿಕಾರ್ಜುನಪ್ಪ ಜೊತೆಗೆ ಹತ್ತಿದ.

"ಒಳಗೇನ್ರೀ, ಇಡ್ಲಿ ಪೊಟ್ಟಣನಾ?" ಎಂದು ಕಂಡಕ್ಟರು ಕೇಳಿದ್ದಕ್ಕೆ ಮಲ್ಲಿಕಾರ್ಜುನಪ್ಪನೇ ರೋಗದ ಕತೆಯನ್ನೆಲ್ಲ ಬಿಚ್ಚಿಟ್ಟ. ಬಸ್ಸಿನವರೆಲ್ಲ ಒಂದೊಂದು ಮದ್ದು ಹೇಳಿದರು. ಮುದುಕಿಯೊಬ್ಬಳು ವಿಭೂತಿ ಮಂತ್ರಿಸಿ ಪಕ್ಕೆಗೇ ಅಪ್ಪಳಿಸಿಬಿಟ್ಟಳು.

ತರೀಕೆರೆಯಲ್ಲಿ ಡಾಕ್ಟರಮ್ಮ ನಗಲಿಲ್ಲ. ಹತ್ತಿಯ ಎಳೆಯಿಂದ ಪಕ್ಕೆ ಸವರಿದರು. ದೇವೀರಪ್ಪ ಬೆಂಚಿನಿಂದ ಎಗರಿದ.

"ನಿಮ್ಮ ನೋವು ಸುಳ್ಳಲ್ಲ," ಎಂದರು, ರಕ್ತ ತೆಗೆಯುತ್ತ. "ರೋಗದ ಜೊತೆ ಹೊಡೆದಾಡೋ ಕಾವಲಿನೋರು ಮೈಯೊಳಗಿರ್ತಾರೆ. ರೋಗ ಹೋದ್ಮೇಲೂ ಅವರು ಸುಮ್ಮನಾಗದೆ ನರಾನೇ ಕಾಡ್ತಿರಬಹುದು ಅಂತ ನಮ್ಮ ಅನುಮಾನ. ಅದನ್ನೇ ಹುಡುಕ್ತಿದ್ದೀವಿ."

"ಔಷಧಿ?"

"ಇನ್ನೂ ಸಿಕ್ಕಿಲ್ಲ."

ಆದರೂ ದೇವೀರಪ್ಪನ ಕಣ್ಣು ತುಂಬಿತು. ಕೊನೆಗೂ ಒಬ್ಬರು ನಂಬಿದ್ದರು.

ಊರು ಮುಟ್ಟಿದ್ದೇ ಮಲ್ಲಿಕಾರ್ಜುನಪ್ಪ ಬೀದಿಗೆಲ್ಲ ಸಾರಿದ: "ದೇವೀರಪ್ಪಂದು ಸುಳ್ಳಲ್ಲ ಕಣ್ರೀ. ಅವನ ಮೈಯಾಗೆ ಕಾವಲಿನೋರು ಜಾಸ್ತಿ ಅವ್ರೆ. ಡಾಕ್ಟರಮ್ಮನೇ ಅಂದ್ರು."

ಕಲ್ಲಮ್ಮ ಗಂಡನ ಕೈಹಿಡಿದು ಅತ್ತಳು. ಅಷ್ಟರಲ್ಲಿ ಪಕ್ಕದ ಮನೆಯ ಕಾಂತಮ್ಮ ಬಂದಳು.

"ನಮ್ಮನೆಯೋರಿಗೆ ಸೀತಾಳೆ ಸಿಡುಬು ಎದ್ದೈತೆ. ಅಂಟ್ಕಂತದೆ ಅಂತ ಯಾರೂ ಒಳಗೆ ಬರಾಕಿಲ್ಲ. ನಿಮಗೇನು, ಇಷ್ಟೊಂದು ಕಾವಲೈತೆ. ಅವರ್ನ ಒಂದಿಷ್ಟು ಎತ್ತಿ ಕೂರಿಸ್ಬೇಕಿತ್ತು."

ಆಗುವುದಿಲ್ಲ ಎಂಬ ಮಾತು ಬಾಯಿತನಕ ಬಂತು. ಆಗತಾನೇ ಸಿಕ್ಕಿದ್ದ ಮರ್ಯಾದೆ ಅಡ್ಡ ಬಂತು. ಬೀದಿಯವರೆಲ್ಲ ಅವನನ್ನು ಕಾಂತಮ್ಮನ ಮನೆ ಬಾಗಿಲತನಕ ಕಳಿಸಿ ತಾವು ಹೊರಗೇ ನಿಂತರು. ಒಳಗೆ ಜ್ವರದಲ್ಲಿ ಬೇಯುತ್ತಿದ್ದ ಭಾರಿ ಆಳು ಪಂಚಾಕ್ಷರಪ್ಪ, ಕೊನೆಗೆ ಒಬ್ಬನಾದರೂ ಬಂದನಲ್ಲ ಎಂಬ ಸಂತೋಷಕ್ಕೆ ದೇವೀರಪ್ಪನನ್ನು ತಬ್ಬಿ, ಎಡಪಕ್ಕೆಗೇ ತಲೆಯಿಟ್ಟ.

ದೇವೀರಪ್ಪನ ಕೂಗಿಗೆ ಹೆಂಚಿನ ಮೇಲಿನ ಪಾರಿವಾಳಗಳೆಲ್ಲ ಹಾರಿದವು.

"ಹೆದರ್ಬೇಡಿ ಕಾಂತಮ್ಮಾ," ಎಂದ ಹೊರಗಿನಿಂದ ಮಲ್ಲಿಕಾರ್ಜುನಪ್ಪ. "ಕಾವಲಿನೋರು ಕೆಲಸ ಸುರು ಮಾಡಿದ್ರು."