ಹಿಂದಿನ ಸೀಟಿನ ಮೈಕು

ಕಾರಿನ ಹಳೇ ರೇಡಿಯೋ ತನ್ನ ಗೂಡಿನಿಂದ ಕಳಚಿ ಗುರುಬಸವರಾಜ್ ಮೇಷ್ಟ್ರ ತೊಡೆಯ ಮೇಲೆ ಬಿತ್ತು. ಬಿದ್ದ ಮೇಲೂ ಅದು ಕಡಲೆಗೆ ಬರುವ ಕಾಯಿಕೊರಕ ಹುಳುವಿನ ಬಗ್ಗೆ ಹೇಳುವುದನ್ನು ನಿಲ್ಲಿಸಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಹೇಮಾವತಿ ಅದನ್ನೇ ನೋಡಿದಳು. "ನೋಡ್ರಿ, ಈ ಡಬ್ಬಾ ತಾನಾಗೇ ಬಿಚ್ಕೊಂಡು ಬರಾಕೆ ಹತ್ತೈತೆ. ಫಕೀರಸಾಬರ ಗುಜರಿಗೆ ಹಾಕೋದು ವಾಸಿ."

ಆ ಮಾತು ಮೇಷ್ಟ್ರ ಎದೆಗೆ ನಾಟಿತು. ಇಪ್ಪತ್ತಾರು ವರ್ಷದ ಬಿಳಿ ಕಾರು ಅದು. ಬಿಳಿ ಎನ್ನುವುದು ಈಗ ನಂಬಿಕೆಯ ವಿಷಯವಾಗಿತ್ತು. ಆದರೂ ಕೆಲಸಕ್ಕೆ ಸೇರಿದ ವರ್ಷ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕಾರು. ಅದನ್ನು ಗುಜರಿಗೆ ಹಾಕುವುದೂ ಒಂದೇ, ತಮ್ಮನ್ನು ಹಾಕುವುದೂ ಒಂದೇ.

"ಕಾರಿಂದೇನೂ ತಪ್ಪಿಲ್ಲ" ಎಂದರು.

"ಹೌದು, ತಪ್ಪು ಓಡಿಸೋರದ್ದು."

ಚನ್ನಗಿರಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮೇಷ್ಟ್ರು ಅಮೆಜಾನ್ ನದಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಸ್ಟೇರಿಂಗ್ ಹಿಡಿದರೆ ಮಾತ್ರ ಊರ ಹತ್ತಿರದ ಸೂಳೆಕೆರೆಯಂಥ ದೊಡ್ಡ ಕೆರೆಯೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಹೋದ ವರ್ಷ ಎರಡು ಬಸ್ಸಿನ ದಿಬ್ಬಣಕ್ಕೆ ದಾರಿ ತೋರಿಸಲು ಮುಂದೆ ಹೋಗಿ, ಎಲ್ಲರನ್ನೂ ಬೇರೆ ಯಾರದೋ ಮದುವೆಗೆ ಮುಟ್ಟಿಸಿದ್ದರು. ಊಟ ಮುಗಿದು ಮುಯ್ಯಿ ಮಾಡಲು ಸಾಲಿನಲ್ಲಿ ನಿಂತಾಗಲೇ ಗಂಡು ಹೆಣ್ಣು ಇಬ್ಬರೂ ತಮ್ಮವರಲ್ಲವೆಂದು ಗೊತ್ತಾದದ್ದು.

ಈಗ ಹೇಮಾವತಿಯ ತಂಗಿ ಪ್ರೇಮಲತಾಳ ಸೀಮಂತ ಇವರ ಮನೆಯಲ್ಲೇ ನಡೆಯುವುದಿತ್ತು. ಬುಧವಾರ ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ತಾಯಿಯ ಕೈಯಿಂದ ಮೊದಲ ಹಸಿರು ಬಳೆ ತೊಡಿಸಬೇಕು. ತಾಯಿ ಶಂಕ್ರಮ್ಮ ಇರುವುದು ಜಗಳೂರಿನಲ್ಲಿ.

"ಅವ್ವ ಹಿಂದಿನ ದಿನಾನೇ ಬಸ್ಸಿಗೆ ಬರ್ತಾಳೆ" ಎಂದಳು ಹೇಮಾವತಿ.

"ನಮ್ಮ ಮನೆ ಕಾರಿರುವಾಗ ಅವರು ಬಸ್ಸಿಗೆ ಯಾಕೆ ಬರಬೇಕು? ಬೆಳಿಗ್ಗೆ ನಾನೇ ಕರ್ಕೊಂಡು ಬರ್ತೀನಿ."

"ಹನ್ನೆರಡರೊಳಗೆ ಬಂದ್ರೆ ಈ ಕಾರಿನ ಸುದ್ದಿ ಎತ್ತಲ್ಲ. ಬರ್ಲಿಲ್ಲ ಅಂದ್ರೆ ಅವತ್ತೇ ಫಕೀರಸಾಬರು ತಗೊಂಡು ಹೋಗ್ತಾರೆ. ಒಪ್ಪಿಗೇನಾ?"

ಮೇಷ್ಟ್ರು ಒಪ್ಪಿ, ಸೀದಾ ಶಾಹಿದನ ಅಂಗಡಿಗೆ ಹೋದರು.

ಶಾಹಿದ್ ಕಾರುಗಳಿಗೆ ಹಾಡುವ, ದಾರಿ ಹೇಳುವ ಹೊಸ ಸೆಟ್ ಕೂರಿಸುವುದರಲ್ಲಿ ಎತ್ತಿದ ಕೈ. "ಸರ್, ದಾರಿ ತೋರ್ಸೋದೂ ಉಪಗ್ರಹ, ರೇಡಿಯೋ ಹಾಡೋದೂ ಉಪಗ್ರಹ. ಕನ್ನಡದಾಗೆ ಮಾತಾಡಿದ್ರೂ ತಿಳ್ಕಂತೈತೆ. ಆದ್ರೆ ಇದು ಇಷ್ಟಗಲ ಐತೆ, ನಿಮ್ಮ ಗಾಡಿ ತೂತು ಇಷ್ಟೇ ಐತೆ" ಎಂದು ಡ್ಯಾಶ್‌ಬೋರ್ಡನ್ನು ಕೊಯ್ಯತೊಡಗಿದ. ಹಲಸಿನ ಹಣ್ಣು ಕೊಯ್ಯುವವರ ಸುತ್ತ ನಿಲ್ಲುವಂತೆ ಜನ ನಿಂತರು. ಶಾಲೆಯ ಡ್ರಿಲ್ ಮೇಷ್ಟ್ರು ವಿನಯ್ ಕುಮಾರ್ ಕೂಡ ಬಂದ.

"ಏನ್ಸಾರ್, ರೋಡ್ ರೋಲರಿಗೆ ಕಿವಿಯೋಲೆ ಹಾಕಿಸ್ತಿದೀರಾ?"

ಸಂಜೆಯ ಹೊತ್ತಿಗೆ ಸೆಟ್ಟು ಕೂತಿತು. ಶಾಹಿದ್ ಕೈ ಒರೆಸಿಕೊಳ್ಳುತ್ತ, "ಸರ್, ಮೈಕು ಮಾತ್ರ ಹಿಂದಿನ ಸೀಟಿನ ಮೇಲೆ ಹಾಕೀನಿ. ಮುಂದೆ ಹಾಕಿದ್ರೆ ನಿಮ್ಮ ಎಂಜಿನ್ ಮಾತೇ ಕೇಳ್ತೈತೆ, ನಿಮ್ಮ ಮಾತು ಕೇಳಲ್ಲ" ಎಂದ.

"ನಾನು ಕೂರೋದು ಮುಂದೆ ಅಲ್ವೇನಪ್ಪ?"

"ಜೋರಾಗಿ ಹೇಳ್ರಿ, ಕ್ಲಾಸಿನಾಗೆ ಹೇಳ್ತೀರಲ್ಲ ಹಂಗೆ. ಈಗ ಇದಕ್ಕೊಂದು ಹೆಸರು ಇಡ್ರಿ. ಕರೆದ ಕೂಡ್ಲೇ ಓ ಅಂತೈತೆ."

"ಹೇಮಕ್ಕ ಅಂತ ಇಡ್ರಿ" ಎಂದ ವಿನಯ್ ಕುಮಾರ್.

"ಒಬ್ಬರೇ ಸಾಕು" ಎಂದರು ಮೇಷ್ಟ್ರು. ಸೆಟ್ಟಿನದು ಪರಿಚಯವಿಲ್ಲದ ಹೆಣ್ಣುಮಗಳ ದನಿ. ಮರ್ಯಾದೆಯಾಗಿರಲಿ ಎಂದು ಯೋಚಿಸಿ ಹೇಳಿದರು: "ತಾಯಿ ಅಂತ ಇಡು."

ಬುಧವಾರ ಕತ್ತಲಿರುವಾಗಲೇ ಹೊರಟ ಮೇಷ್ಟ್ರು ಒಮ್ಮೆಯೂ ದಾರಿ ತಪ್ಪದೆ ಎಂಟಕ್ಕೆ ಜಗಳೂರು ಮುಟ್ಟಿದರು. ಖುಷಿಗೆ ಕಾರಿನ ಬಾನೆಟ್ಟನ್ನು ಎಮ್ಮೆಯ ಬೆನ್ನಿನಂತೆ ಸವರಿದರು.

ಶಂಕ್ರಮ್ಮ ತಲೆಯ ಮೇಲೆ ಸೆರಗು ಹೊದ್ದು, ರೊಟ್ಟಿಯ ಗಂಟಿನೊಡನೆ ಹಿಂದಿನ ಸೀಟಿನಲ್ಲಿ ಕೂತರು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವರು ಅಳಿಯನೊಡನೆ ನೇರವಾಗಿ ಒಂದು ಮಾತೂ ಆಡಿದವರಲ್ಲ. ಅಳಿಯನೂ ಆಡಿರಲಿಲ್ಲ. ಅವರ ಮನೆತನದಲ್ಲಿ ಅದು ಪದ್ಧತಿ. ಹೇಳುವುದಿದ್ದರೆ ನಡುವೆ ಒಬ್ಬರು ಬೇಕು. "ಅಳಿಯಂದಿರಿಗೆ ಇನ್ನೊಂದು ರೊಟ್ಟಿ ಹಾಕಂತ ಹೇಳೇ ಹೇಮಾ" ಎಂದು ಅವರು ಅಡುಗೆಮನೆಯಿಂದ ಹೇಳಿದರೆ, "ಸಾಕು ಅಂತ ಹೇಳು" ಎಂದು ಇವರು ಪಡಸಾಲೆಯಿಂದ ಹೇಳುತ್ತಿದ್ದರು. ಇವತ್ತು ನಡುವೆ ಯಾರೂ ಇರಲಿಲ್ಲ. ನಾಲ್ಕೈದು ಮೈಲಿ ಬರೀ ಎಂಜಿನ್ ಮಾತಾಡಿತು.

"ಮುಂದೆ ನೂರು ಮೀಟರ್‌ನಲ್ಲಿ ಎಡಕ್ಕೆ ತಿರುಗಿ" ಎಂದಿತು ಸೆಟ್ಟು.

ಶಂಕ್ರಮ್ಮ ಬೆಚ್ಚಿ, ಮುಂದಕ್ಕೆ ಬಾಗಿ ನೋಡಿದರು. ಆಮೇಲೆ ಅವರ ಮುಖ ಅರಳಿತು.

"ಯಾರು ತಾಯಿ ನೀನು?"

"ಹೇಳಿ" ಎಂದಿತು ಸೆಟ್ಟು.

"ಅಳಿಯಂದಿರಿಗೆ ಸ್ವಲ್ಪ ನಿಧಾನಕ್ಕೆ ಹೋಗಂತ ಹೇಳ್ತೀಯಾ?"

"ಕ್ಷಮಿಸಿ, ಅರ್ಥವಾಗಲಿಲ್ಲ." ಆದರೆ ಅಳಿಯಂದಿರು ನಿಧಾನ ಮಾಡಿದ್ದರು. ಶಂಕ್ರಮ್ಮನಿಗೆ ಅಷ್ಟು ಸಾಕಾಯಿತು. ವಚನ ಹಾಡು ಎಂದರು, ಸೆಟ್ಟು ಹಾಡಿತು. ಬೆಳಗಿನ ವಾರ್ತೆ ಕೇಳೋಣವೆಂದು ಆಸೆಪಟ್ಟಿದ್ದ ಮೇಷ್ಟ್ರು ವಚನವನ್ನೇ ಕೇಳಿದರು.

ದಾವಣಗೆರೆ ಹತ್ತಿರ ಬಂದಾಗ ಒಂಬತ್ತೂವರೆ. ಅಲ್ಲಿಂದ ಚನ್ನಗಿರಿಗೆ ಒಂದೂವರೆ ತಾಸು. ಗೆದ್ದೆನೆಂದು ಮೇಷ್ಟ್ರು ಮೀಸೆಯಲ್ಲೇ ನಕ್ಕರು.

"ತಾಯಿ, ಹೊನ್ನಾಳಿ ಮೇಲೆ ಹೋದ್ರೆ ನನ್ನ ತಂಗಿ ಉಚ್ಚಂಗಮ್ಮನ್ನೂ ಹತ್ತಿಸ್ಕಂಡು ಹೋಗಬಹುದಲ್ಲ? ಅಳಿಯಂದಿರನ್ನ ಕೇಳು."

"ಹೊನ್ನಾಳಿ. ಮಾರ್ಗ ಬದಲಿಸಲಾಗುತ್ತಿದೆ."

ಮೇಷ್ಟ್ರು ಹೌಹಾರಿದರು. "ತಾಯೀ! ಚನ್ನಗಿರಿ!" ಎಂದು ಗಾಜಿನ ಕಡೆ ಮುಖ ಮಾಡಿ ಕೂಗಿದರು. ಎಂಜಿನ್ ಸದ್ದಿನಲ್ಲಿ ಅದು ಹಿಂದಿನ ಸೀಟಿನ ಮೈಕಿಗೂ ಮುಟ್ಟಲಿಲ್ಲ, ಅತ್ತೆಗೂ ಮುಟ್ಟಲಿಲ್ಲ. ಯಂತ್ರದ ಮಾತನ್ನು ಮೀರಬಹುದಿತ್ತು. ಬಾಯಿಬಿಟ್ಟು ಕೇಳಿದ ಅತ್ತೆಗೆ ಆಗುವುದಿಲ್ಲ ಎನ್ನುವುದು ಹೇಗೆ, ಯಾರ ಮೂಲಕ? ಕಾರು ಹೊನ್ನಾಳಿಯ ಕಡೆ ತಿರುಗಿತು.

ಉಚ್ಚಂಗಮ್ಮ ತಯಾರಿರಲಿಲ್ಲ. ತಯಾರಾದರು. ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಮಂಡಕ್ಕಿ ಒಗ್ಗರಣೆ ಹಾಕಿದರು, ಮೆಣಸಿನಕಾಯಿ ಬಜ್ಜಿ ಕರಿದರು. ಕಾರು ಮತ್ತೆ ಹೊರಟಾಗ ಹನ್ನೊಂದು ಹೊಡೆದಿತ್ತು. ಗಾಳಿಯಂತೆ ಓಡಿಸಿದರೆ ಹನ್ನೆರಡಕ್ಕೆ ಮುಟ್ಟಬಹುದು. ಮೇಷ್ಟ್ರು ಹಲ್ಲು ಕಚ್ಚಿ ಗೇರು ಬದಲಿಸಿದರು.

ಹಿಂದೆ ಅಕ್ಕ ತಂಗಿಯರ ಮಾತು ಏರಿತ್ತು. "ಅಯ್ಯೋ ತಾಯಿ!" ಎಂದು ಉಚ್ಚಂಗಮ್ಮ ಹಣೆ ಚಚ್ಚಿಕೊಂಡರು. "ನ್ಯಾಮತಿ ಅತ್ತಿಗೆ ಕೊಟ್ರಮ್ಮಂಗೆ ಕರೇನೇ ಹೋಗಿಲ್ವಲ್ಲೇ!"

"ನ್ಯಾಮತಿ. ಮಾರ್ಗ ಬದಲಿಸಲಾಗುತ್ತಿದೆ. ಸಾಧ್ಯವಾದಾಗ ಹಿಂದಕ್ಕೆ ತಿರುಗಿ."

"ನೋಡಕ್ಕ, ನಾವು ಬಾಯಿ ಮುಚ್ಚೋದ್ರಾಗೆ ನಿನ್ನ ಅಳಿಯ ಕರ್ಕಂಡು ಹೋಗ್ತೀನಿ ಅಂದ್ಬಿಟ್ರು! ಇಂಥ ಗುಣ ಈ ಕಾಲದಾಗೆ ಯಾರಿಗೈತೆ?"

ಇಷ್ಟು ಹೊಗಳಿಸಿಕೊಂಡ ಮನುಷ್ಯ ಮುಂದಕ್ಕೆ ಹೋಗುವುದು ಹೇಗೆ? ಮೇಷ್ಟ್ರು ಹಿಂದಕ್ಕೆ ತಿರುಗಿಸಿದರು.

ನ್ಯಾಮತಿಯಲ್ಲಿ ಕೊಟ್ರಮ್ಮ ತಲೆಗೆ ಎರೆದುಕೊಳ್ಳುತ್ತಿದ್ದರು. ಅವರ ಕೂದಲು ಒಣಗಿ, ಮೂವರೂ ಹಿಂದಿನ ಸೀಟಿನಲ್ಲಿ ಮೂಟೆ ಜೋಡಿಸಿದಂತೆ ಕೂತು, ಕಾರು ಊರು ಬಿಡುವಾಗ ಸೆಟ್ಟಿನಲ್ಲಿ ಹೇಮಾವತಿಯ ಫೋನು ಬಂತು.

"ಹನ್ನೆರಡಾಯ್ತು. ಎಲ್ಲಿದೀರಿ?"

"ಬಂದೆ, ಇಲ್ಲೇ, ಹತ್ರ" ಎಂದು ಮೇಷ್ಟ್ರು ಕಿರುಚಿದರು. ಅತ್ತ ಕಡೆಗೆ ಕೇಳಿದ್ದು ಹಿಂದಿನ ಸೀಟು ಮಾತ್ರ.

"ಯಾರು, ಹೇಮಾನಾ? ನಾವು ನ್ಯಾಮತೀಲಿದೀವಿ ಕಣೇ" ಎಂದರು ಕೊಟ್ರಮ್ಮ ಸಂತೋಷದಿಂದ.

ಫೋನು ಕಟ್ಟಾಯಿತು. ಮೇಷ್ಟ್ರಿಗೆ ಕಾರಿನ ಚಕ್ರಗಳು ಆಗಲೇ ಫಕೀರಸಾಬರ ಅಂಗಡಿಯ ಗೋಡೆಗೆ ಒರಗಿ ನಿಂತಂತೆ ಕಂಡವು. ಬೇಗ ಹೋಗಿ ಹೇಮಾವತಿಯ ಕಾಲನ್ನಾದರೂ ಹಿಡಿಯಬೇಕು. ಅಷ್ಟರಲ್ಲಿ ಶಂಕ್ರಮ್ಮನ ದನಿ ಕೇಳಿತು:

"ಅಯ್ಯೋ ತಾಯಿ, ಜಗಳೂರಾಗೆ ಹಿತ್ತಲ ಬಾಗ್ಲಿಗೆ ಚಿಲಕ ಹಾಕಿದ್ನೋ ಇಲ್ವೋ!"

"ಜಗಳೂರು. ಮಾರ್ಗ ಬದಲಿಸಲಾಗುತ್ತಿದೆ. ನೂರ ಹತ್ತು ಕಿಲೋಮೀಟರ್."

ಮೇಷ್ಟ್ರು ಬ್ರೇಕ್ ಒತ್ತಿದರು. ಇಳಿದು, ಹಿಂದಿನ ಬಾಗಿಲು ತೆಗೆದು, ಅತ್ತೆಯ ತಲೆಯ ಮೇಲಿನ ಮೈಕಿಗೆ ಬಾಯಿ ಹಚ್ಚಿ, ಹದಿನೆಂಟು ವರ್ಷ ಪಾಠ ಹೇಳಿದ ಗಂಟಲಿನಿಂದ ಕೂಗಿದರು:

"ತಾಯೀ! ನಿಮ್ಮ ಕಾಲಿಗೆ ಬೀಳ್ತೀನಿ ತಾಯೀ! ಚನ್ನಗಿರಿಗೆ ಹೋಗೋಣ!"

"ಚನ್ನಗಿರಿ" ಎಂದಿತು ಸೆಟ್ಟು.

ಶಂಕ್ರಮ್ಮನ ಕಣ್ಣು ತುಂಬಿತ್ತು. ಸೆರಗಿನ ತುದಿಯಿಂದ ಒರೆಸಿಕೊಂಡು ತಂಗಿಗೆ ಹೇಳಿದರು: "ಕೇಳಿದ್ಯೇನೇ ಉಚ್ಚಂಗಿ? ಹನ್ನೆರಡು ವರ್ಷದಾಗೆ ಅಳಿಯಂದಿರು ಮೊದಲ ಸಲ ನನ್ನ ತಾಯಿ ಅಂತ ಕರೆದ್ರು."

ಮೇಷ್ಟ್ರು ಬಾಗಿಲು ಹಾಕಿ, ಬಂದು ಸ್ಟೇರಿಂಗ್ ಹಿಡಿದರು.

ಮನೆ ಮುಟ್ಟಿದಾಗ ಒಂದು ಮುಕ್ಕಾಲು. ಬಾಗಿಲಲ್ಲಿ ಹೇಮಾವತಿ ನಿಂತಿದ್ದಳು. ಕಟ್ಟೆಯ ಮೇಲೆ ಫಕೀರಸಾಬರು ಚಹಾ ಕುಡಿಯುತ್ತ, ಮದುವೆಗೆ ಹೆಣ್ಣು ನೋಡುವವರಂತೆ ಕಾರನ್ನು ನೋಡಿದರು. ಮೇಷ್ಟ್ರು ಕೀಲಿಯನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿದರು.

"ಹೇಮಾ" ಎಂದರು ಶಂಕ್ರಮ್ಮ, ಇಳಿಯುತ್ತಲೇ ಗುಜರಿಯವರನ್ನು ಗುರುತಿಸಿ. "ಈ ಕಾರು ಮಾರಿದ್ರೆ ನಾನು ಈ ಮನೆ ಹೊಸ್ತಿಲು ತುಳಿಯಲ್ಲ. ರಾಹುಕಾಲ ಒಂದೂವರೆಗೇ ಕಳೀತಲ್ಲ, ಈಗ ತೊಡಿಸಿದ್ರೆ ಇನ್ನೂ ಒಳ್ಳೇದು."

ಫಕೀರಸಾಬರು ಚಹಾ ಮುಗಿಸಿ ಎದ್ದರು. "ಇರ್ಲಿ ಬಿಡ್ರಿ ಮೇಷ್ಟ್ರೇ, ಅದೆಲ್ಲಿಗೆ ಹೋಗ್ತೈತೆ? ಇವತ್ತಲ್ಲ ನಾಳೆ ನನ್ನ ಹತ್ರಾನೇ ಬರ್ತೈತೆ."

ಮೇಷ್ಟ್ರಿಗೆ ಕುಣಿಯಬೇಕೆನಿಸಿತು. ಆದರೆ ಶಂಕ್ರಮ್ಮ ಇನ್ನೂ ಮುಗಿಸಿರಲಿಲ್ಲ.

"ಪ್ರೇಮನ ಹೆರಿಗೆ ಆಗೋವರೆಗೂ ನಾನು ಇಲ್ಲೇ ಇರ್ತೀನಿ. ಸುತ್ತಮುತ್ತ ನಮ್ಮೋರು ಬಹಳ ಮಂದಿ ಐದಾರೆ. ದಿನಾ ಸಂಜೆ ಸ್ಕೂಲು ಬಿಟ್ಮೇಲೆ ಒಬ್ಬೊಬ್ಬರ ಮನೀಗೆ ಹೋಗಿ ಬರೋಣ. ಹೆಂಗೂ ಗಾಡೀಲಿ ಆ ಹುಡುಗಿ ಐದಾಳೆ. ನಾನು ಹೇಳ್ತೀನಿ, ಅವಳು ಅಳಿಯಂದಿರಿಗೆ ಹೇಳ್ತಾಳೆ. ಇವತ್ತೇ ಸಂಜೆ ಸೂಳೆಕೆರೆ ತೋರಿಸ್ಕಂಡು ಬರ್ಲಿ."

ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು.

ಹೆಂಗಸರು ಬಳೆ ತೊಡಿಸಿ ಆರತಿ ಎತ್ತುತ್ತಿದ್ದಾಗ ಮೇಷ್ಟ್ರು ಉಣ್ಣದೆ ಕಾರನ್ನು ಶಾಹಿದನ ಅಂಗಡಿಗೆ ಓಡಿಸಿದರು. ಶಾಹಿದ್ ಕಣ್ಣುಬಿಟ್ಟು ನೋಡಿದ.

"ಏನಾತು ಸರ್? ದಾರಿ ತೋರಿಸ್ಲಿಲ್ವಾ?"

"ಬಹಳ ತೋರಿಸ್ತು. ಬಿಚ್ಚು. ಮೈಕನ್ನೂ ಬಿಚ್ಚು. ನನ್ನ ಹಳೇ ರೇಡಿಯೋ ಎಲ್ಲೈತೆ?"

ತೂತು ಈಗ ದೊಡ್ಡದಾಗಿದ್ದರಿಂದ ಶಾಹಿದ್ ಹಳೇ ರೇಡಿಯೋವನ್ನು ದಾರದಿಂದ ಬಿಗಿದು ಕೂರಿಸಿದ.

ಐದು ಗಂಟೆಗೆ ಮೂವರು ಹೆಂಗಸರೂ ಕಾರು ಹತ್ತಿದರು. ಶಂಕ್ರಮ್ಮ ತಲೆಯ ಮೇಲೆ ಕೈಯಾಡಿಸಿದರು, ಮೈಕಿರಲಿಲ್ಲ. ಮುಂದೆ ಬಾಗಿ ನೋಡಿದರು, ಹುಡುಗಿಯಿರಲಿಲ್ಲ. ಸೆರಗು ಸರಿಪಡಿಸಿಕೊಂಡು ಕೂತರು. ಪರಮ ಸುಖದಲ್ಲಿ ಮೇಷ್ಟ್ರು ಗಾಡಿ ಬಿಟ್ಟರು. ಹನ್ನೆರಡು ವರ್ಷದ ಮೌನ ವಾಪಸು ಬಂದಿತ್ತು. ಸೂಳೆಕೆರೆಗೆ ಹೋಗುವುದು, ಏರಿಯ ಮೇಲೆ ನಿಲ್ಲಿಸುವುದು, ವಾಪಸು ಬರುವುದು.

ಬಸ್ ಸ್ಟ್ಯಾಂಡು ದಾಟಿತು. ಆಗ ಹಿಂದಿನಿಂದ ಒಂದು ದನಿ ಬಂತು. ಏರಿಳಿತವಿಲ್ಲದ, ನುಣುಪಾದ, ಪುಸ್ತಕದ ಕನ್ನಡ.

"ಮುಂದೆ ನೂರು ಮೀಟರ್‌ನಲ್ಲಿ ಎಡಕ್ಕೆ ತಿರುಗಿ."

ಮೇಷ್ಟ್ರು ಹಳೇ ರೇಡಿಯೋ ನೋಡಿದರು. ಅದು ಆರಿತ್ತು. ಕನ್ನಡಿ ನೋಡಿದರು. ಅತ್ತೆ ಕಿಟಕಿಯಾಚೆ ನೋಡುತ್ತ ಕೂತಿದ್ದರು.

"ಎಡಕ್ಕೆ ಯಾರ ಮನೆ ಐತಕ್ಕ?" ಎಂದು ಉಚ್ಚಂಗಮ್ಮ ಪಿಸುಗುಟ್ಟಿದರು.

"ತಿಪ್ಪಮ್ಮಂದು. ಸುಮ್ಕಿರು."

ಪದ್ಧತಿ ಮುರಿದಿರಲಿಲ್ಲ. ಶಂಕ್ರಮ್ಮ ಅಳಿಯನೊಡನೆ ಮಾತಾಡಿರಲಿಲ್ಲ, ಆ ಹುಡುಗಿ ಮಾತಾಡಿದ್ದಳು. ಮೇಷ್ಟ್ರು ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ, ಎಡಕ್ಕೆ ತಿರುಗದೆ ನೇರ ಹೋದರು.

ಹತ್ತು ಸೆಕೆಂಡು ಏನೂ ಆಗಲಿಲ್ಲ.

"ಮಾರ್ಗ ಬದಲಿಸಲಾಗುತ್ತಿದೆ" ಎಂದಿತು ಹಿಂದಿನ ಸೀಟು. "ಸಾಧ್ಯವಾದಾಗ ಹಿಂದಕ್ಕೆ ತಿರುಗಿ."

ಮೇಷ್ಟ್ರು ಹಿಂದಕ್ಕೆ ತಿರುಗಿಸಿದರು. ಚಕ್ರ ಗುಂಡಿಗೆ ಇಳಿದು ಹತ್ತಿತು. ದಾರ ಕಿತ್ತು ರೇಡಿಯೋ ತೊಡೆಯ ಮೇಲೆ ಬಿತ್ತು, ಬಿದ್ದದ್ದೇ ಕಾಯಿಕೊರಕದ ಬಗ್ಗೆ ಹೇಳತೊಡಗಿತು.