ಗಾಡಿಗೆ ಉಣ್ಣೆ ತುಂಬಿಸಿದ್ದು

ಪಾಠ ಹೇಳುವುದನ್ನು ಬಿಟ್ಟ ಮೇಲೂ ತಿದ್ದುವುದನ್ನು ಬಿಡಲಾರದ ಮಂದಿ ಇರುತ್ತಾರೆ. ನಾನು ಅವರಲ್ಲೊಬ್ಬ. ಕೂಡ್ಲಿಗಿಯಲ್ಲಿ ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನು. ಬ್ಯಾನರಿನಲ್ಲಿ ‘ಶುಭಾಷಯ’ ಕಂಡರೆ ಕೈ ತುರಿಸುತ್ತದೆ. ಮದುವೆ ಪತ್ರಿಕೆಯಲ್ಲಿ ದೀರ್ಘ ತಪ್ಪಿದ್ದರೆ ಆ ಮದುವೆಯ ಊಟ ರುಚಿಸುವುದಿಲ್ಲ. ಈ ಚಟದಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ನನ್ನ ಹೆಂಡತಿ ಗಿರಿಜಾಳನ್ನು ಕೇಳಿದರೆ ಬೇರೆ ಹೇಳುತ್ತಾಳೆ.

ನಿವೃತ್ತಿಯ ಮೇಲೆ ಹಳೆಯ ಮಿನಿಬಸ್ಸೊಂದನ್ನು ಕೊಂಡೆ. ಒಳಗೆ ಮಂಚ, ಒಲೆ, ನೀರಿನ ಡ್ರಮ್ಮು ಇಟ್ಟು, ಅದನ್ನೇ ಓಡಾಡುವ ಮನೆ ಮಾಡಿಕೊಂಡು ಇಬ್ಬರೂ ಊರೂರು ಸುತ್ತಬೇಕೆಂಬ ಆಸೆ. ಗಿರಿಜಾ ಒಂದು ಸುತ್ತು ಕೂತು ನೋಡಿ ಕೆಳಗಿಳಿದಳು. “ಮಂಡಕ್ಕಿ ಭಟ್ಟಿ ಒಳಗ ಕುಂತಂಗ ಐತಿ. ಮ್ಯಾಲೆ ತಗಡಿನ ಸದ್ದು ಬ್ಯಾರೆ. ಕಾವು, ಸದ್ದು ಎರಡೂ ನಿಂತ್ರ ಬರ್ತೀನಿ. ಇಲ್ಲಾಂದ್ರ ನೀವೊಬ್ರೇ ಹೋಗಿ ಬರ್ರಿ,” ಎಂದಳು.

ಅಂಗಡಿಯವರು ಫೋಮ್ ಶೀಟು ತೋರಿಸಿದರು. ನನಗೆ ಹೊಳೆದದ್ದೇ ಬೇರೆ. ಕಂಬಳಿ ಹೊದ್ದ ಕುರಿಗಾಹಿ ಬಿಸಿಲಿಗೂ ಅಂಜುವುದಿಲ್ಲ, ಚಳಿಗೂ ಅಂಜುವುದಿಲ್ಲ. ಗಾಡಿಗೇ ಕಂಬಳಿ ಹೊದಿಸಿದರೆ? ಚಿಗಟೇರಿ ಕಡೆ ಹೋಗಿ, ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ ಮೈಲವ್ವ ಎಂಬಾಕೆಯಿಂದ ಎಂಟು ಚೀಲ ಹಸಿ ಉಣ್ಣೆ ಹೇರಿಕೊಂಡೆ. ಹೊರಡುವಾಗ ಆಕೆ, “ಸಾರ್, ಉಣ್ಣಿ ಅದಾವ್ರಿ, ನೋಡ್ಕೊಂಡು ಒಯ್ರಿ,” ಎಂದಳು. ಉಣ್ಣೆ ಎಣಿಸುವ ವಸ್ತುವಲ್ಲ, ಏಕವಚನ, ‘ಐತಿ’ ಅನ್ನಬೇಕಿತ್ತು ಎಂದು ಮನಸ್ಸಿನಲ್ಲೇ ತಿದ್ದಿ, ಬಾಯಲ್ಲಿ “ಆಯ್ತವ್ವ” ಅಂದೆ.

ಬಡಗಿಯನ್ನು ಕರೆಸಿ ತಗಡಿಗೂ ಪ್ಲೈವುಡ್ಡಿಗೂ ನಡುವೆ ಉಣ್ಣೆ ಒತ್ತಿ ತುಂಬಿಸಿದೆ. ಎಂಜಿನ್ ಮೇಲೆ ದಪ್ಪ ರಬ್ಬರ್ ಹಾಸು, ಕಿಟಕಿಗಳಿಗೆ ಬಿಗಿಯಾಗಿ ಕೂರಿಸಿದ ಗಾಜು, ಡ್ರೈವರ್ ಸೀಟಿನ ಹಿಂದೆ ಉಣ್ಣೆ ತುಂಬಿದ ಅಡ್ಡಗೋಡೆ. ಮೊದಲ ಸವಾರಿ ಕೊಟ್ಟೂರಿಗೆ. ಬೆಳಗಿನ ತಿಂಡಿ ಮುಗಿಸಿ ಗಿರಿಜಾ ಹಿಂದಿನ ಮಂಚದ ಮೇಲೆ ಕಾಲು ಚಾಚಿದಳು. ಅವಳ ಮೊಬೈಲು ನನ್ನ ಪಕ್ಕದಲ್ಲಿ ಚಾರ್ಜಿಗಿತ್ತು.

ದಾರಿಯುದ್ದಕ್ಕೂ ಎಂಥ ನಿಶ್ಶಬ್ದ! ಎಂಜಿನ್ನು ಓಡುತ್ತಿದೆಯೋ ಇಲ್ಲವೋ ಎಂಬ ಅನುಮಾನ. ಬೈಕಿನವನೊಬ್ಬ ಪಕ್ಕಕ್ಕೆ ಬಂದು ಹಿಂದಿನ ಕಿಟಕಿಯತ್ತ ಕೈ ತೋರಿಸಿ ಏನೋ ಅಂದ. ಗಾಡಿ ಮೆಚ್ಚಿದನೆಂದು ನಾನೂ ಕೈ ಬೀಸಿದೆ. ಅವನು ಹಣೆ ಬಡಿದುಕೊಂಡು ಮುಂದೆ ಹೋದ.

ಕೊಟ್ಟೂರಿನಲ್ಲಿ ಚಹಾ ಕುಡಿಯೋಣವೆಂದು ನಿಲ್ಲಿಸಿ ಹಿಂದಿನ ಬಾಗಿಲು ತೆಗೆದೆ. ತೆಗೆದವನು ಹಾಗೇ ನಿಂತೆ. ಗಿರಿಜಾ ಮಂಚದ ಮೇಲೆ ನಿಂತಿದ್ದಳು. ಸೀರೆ ಮೊಣಕಾಲಿಗೇರಿತ್ತು, ಜಡೆ ಬಿಚ್ಚಿತ್ತು, ಕೈಯಲ್ಲಿ ಚಪ್ಪಲಿ ಇತ್ತು. ಪ್ಲೈವುಡ್ಡಿನ ಸಂದುಸಂದಿನಿಂದ ಬೂದುಬಣ್ಣದ ಹುಳಗಳು ಒಂದರ ಹಿಂದೊಂದು ಇಳಿದುಬರುತ್ತಿದ್ದವು.

“ಗ್ವಾಡಿ ಎಷ್ಟು ಬಡದೆ, ಎಷ್ಟು ಒದರಿದೆ! ನಿಮಗ ಕೇಳಲೇ ಇಲ್ಲೇನ್ರಿ?”

“ಒಂದೀಟೂ ಕೇಳಿಲ್ಲ!” ಎಂದೆ. ಬುದ್ಧಿಗಿಂತ ಮೊದಲು ಬಾಯಿ ಓಡಿತ್ತು. ದನಿಯಲ್ಲಿ ಸಂತೋಷವೂ ಇತ್ತು ಎಂದು ಆಮೇಲೆ ಅವಳೇ ಹೇಳಿದಳು. ಚಹಾದಂಗಡಿಯ ಮಂದಿ ಗ್ಲಾಸು ಹಿಡಿದುಕೊಂಡೇ ಸುತ್ತ ನೆರೆದರು.

“ಉಣ್ಣಿ ಇವು! ಕುರಿ ಉಣ್ಣಿ! ಕೊಟ್ಟಾಕಿ ಏನೂ ಹೇಳಲಿಲ್ಲೇನು?” ಎಂದಳು ಗಿರಿಜಾ.

ಆಗ ನನಗೆ ಹೊಳೆಯಿತು. ನಮ್ಮ ಕಡೆ ಮನೆ ಮನಿಯಾಗುವಂತೆ ಉಣ್ಣೆಯೂ ಉಣ್ಣಿಯಾಗುತ್ತದೆ. ಕುರಿಯ ಮೈಗೆ ಕಚ್ಚಿ ರಕ್ತ ಹೀರುವ ಹುಳಕ್ಕೂ ಉಣ್ಣಿ ಎಂದೇ ಹೆಸರು. ಮೈಲವ್ವ ಹೇಳಿದ್ದನ್ನು ಮೆಲ್ಲಗೆ ಒಪ್ಪಿಸಿದೆ.

“ಅದಾವು ಅಂದ್ಲಾ? ಅದಾವು ಅಂದ್ರ ಬಾಳ ಅದಾವು ಅಂತ! ಇಷ್ಟು ವರ್ಷ ಸಾಲ್ಯಾಗ ಏನ್ ಕಲಿಸಿದ್ರಿ ನೀವು?” ಎಂದವಳೇ ನೆರೆದವರ ನಡುವೆ ದಾರಿ ಮಾಡಿಕೊಂಡು ಕೂಡ್ಲಿಗಿ ಬಸ್ಸು ಹತ್ತಿದಳು. ಕಿಟಕಿಯಿಂದ ತಿರುಗಿಯೂ ನೋಡಲಿಲ್ಲ. ಊರೂರು ಸುತ್ತುವ ಕನಸು ಅಲ್ಲಿಗೇ ಮುಗಿಯಿತೆಂದುಕೊಂಡೆ.

ಗಾಡಿಯನ್ನು ಪೂರ್ತಿ ಬಿಚ್ಚಿಸಿದೆ. ಹಂಡೆಗಟ್ಟಲೆ ನೀರು ಕಾಯಿಸಿ ಉಣ್ಣೆಯನ್ನು ನಾನೇ ತೊಳೆದು, ಮಾಳಿಗೆ ಮೇಲೆ ವಾರವಿಡೀ ಒಣಗಿಸಿ, ಕೂದಲು ಕೂದಲು ಬಿಡಿಸಿ ನೋಡಿ ಮತ್ತೆ ತುಂಬಿಸಿದೆ. ಅಡ್ಡಗೋಡೆಯನ್ನು ಕಿತ್ತು ಬಡಗಿಗೇ ಕೊಟ್ಟೆ. ಗಿರಿಜಾ ದೂರದಿಂದಲೇ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಬ್ಯಾಗು ತಂದು ಮುಂದಿನ ಸೀಟಿನಲ್ಲಿ, ನನ್ನ ಪಕ್ಕದಲ್ಲೇ ಕೂತಳು. “ನಡೀರಿ, ಹರಪನಹಳ್ಳಿ ಕಡೆ,” ಎಂದಳು. ನನ್ನ ಕಣ್ಣು ತುಂಬಿ ಬಂದದ್ದು ನಿಜ.

ಗಾಡಿ ಈಗ ತಣ್ಣಗಿದೆ, ಪಿಸುಗುಟ್ಟಿದರೂ ಕೇಳುತ್ತದೆ. ಹರಪನಹಳ್ಳಿ ಮುಟ್ಟುವವರೆಗೆ ಗಿರಿಜಾ, ತನ್ನ ಅಣ್ಣನ ಮದುವೆಯಲ್ಲಿ ನಾನು ಆಡಿದ ಮಾತಿನಿಂದ ಹಿಡಿದು, ಹೇಳದೆ ಉಳಿಸಿಕೊಂಡಿದ್ದನ್ನೆಲ್ಲ ಹೇಳಿದಳು. ಮೊದಲಾದರೆ ಎಂಜಿನ್ ಸದ್ದಿಗೆ ಕೇಳಲಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆ ಸದ್ದನ್ನು ಕೈಯಾರೆ ಮುಚ್ಚಿಕೊಂಡವನು ನಾನೇ.