ಅಜ್ಜನ ಹೆಸರಿನ ಕಾವಲುಗಾರ

ನ್ಯೊಂಗೇಸ ರಜೆ ಬರೆದದ್ದೇ ತಪ್ಪಾಯಿತು.

ನೈರೋಬಿಯ ಆ ವಿಮಾ ಕಂಪನಿಯ ಕಡತಗಳಿಗೆಲ್ಲ ಬೀಗ ಹಾಕುವ ಸರ್ವರ್ ಅವನ ಸುಪರ್ದಿಯಲ್ಲಿತ್ತು. ಯಾರು ಯಾವ ಕಡತ ತೆರೆಯಬಹುದೆಂದು ಅದೇ ಅನುಮತಿ ಕೊಡಬೇಕು. "ನಾನಿಲ್ದೆ ಈ ಆಫೀಸ್ನಲ್ಲಿ ಒಂದು ಹಾಳೆ ಅಲ್ಲಾಡಲ್ಲ" ಎಂದು ದಿನವೂ ಚಹಾದ ಹೊತ್ತಿಗೆ ಎಣ್ಣೆಯಲ್ಲಿ ಕರಿದ ಮಂದಾಜಿ ಕಚ್ಚುತ್ತಾ ಹೇಳುತ್ತಿದ್ದ. ಅದು ಅಷ್ಟೊಂದು ನಿಜವೆಂದು ಅವನಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಅವನು ತನ್ನೂರು ಬುಂಗೋಮಾಕ್ಕೆ ಹೊರಡಬೇಕಿತ್ತು. ಮರುದಿನ ಬೆಳಗ್ಗೆ ತಂಗಿಯ ಮದುವೆಗೆ ಗಂಡಿನವರು ತೆರವಾಗಿ ಕೊಡಬೇಕಾದ ಹಸುಗಳ ಮಾತುಕತೆ. ತಂದೆಯಿಲ್ಲದ ಮನೆ; ಹಿರಿಯಣ್ಣನಾದ ಅವನು ಕೂರದೆ ಗಂಡಿನವರು ಬಾಯಿ ತೆರೆಯುವಂತಿಲ್ಲ.

ಸಿಬ್ಬಂದಿ ವಿಭಾಗದ ಕೆಮುಂಟೊ ಮೇಡಂ ನಿಯಮ ಬಿಟ್ಟು ಉಸಿರಾಡುವವರಲ್ಲ. ರಜೆ ಬರೆದವನ ಖಾತೆಯನ್ನು ಬೆಳಗ್ಗೆಯೇ ಮುಚ್ಚಿಬಿಟ್ಟರು. ಮರುಗಳಿಗೆಯೇ ಇಡೀ ಆಫೀಸಿನ ಕಡತಗಳು ಬಾಯಿ ಬಿಗಿದುಕೊಂಡವು. ಸರ್ವರ್‌ಗೂ ಕೆಲಸ ಮಾಡಲು ಒಂದು ಖಾತೆ ಬೇಕು. ನ್ಯೊಂಗೇಸ ಹಿಂದೊಮ್ಮೆ ಅವಸರದಲ್ಲಿ ಅದಕ್ಕೆ ತನ್ನ ಸ್ವಂತ ಖಾತೆಯನ್ನೇ ಕೊಟ್ಟು, ಊರಿನ ಕಣಜದ ಬೀಗದ ಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಂಡವನಂತೆ ತಿರುಗುತ್ತಿದ್ದ.

"ಏನಯ್ಯಾ, ನನ್ನ ಭಾಷಣ ಓದೋಕೆ ನನಗೇ ಅನುಮತಿ ಇಲ್ವಂತೆ! ಷೇರುದಾರರು ಬರೋ ಹೊತ್ತಾಯ್ತು!" ಸಾಹೇಬರಾದ ಕಿಪ್ತನುಯಿ ಗುಡುಗಿದರು.

ಪಕ್ಕದ ಮೇಜಿನ ಅಟಿಯೆನೊ ನಕ್ಕಳು. "ನೀನಿಲ್ದೆ ಹಾಳೆ ಅಲ್ಲಾಡಲ್ಲ ಅಂತಿದ್ದೆ. ಈಗ ನೀನಿದ್ದೂ ಅಲ್ಲಾಡ್ತಿಲ್ವಲ್ಲಪ್ಪ!"

ನ್ಯೊಂಗೇಸ ಕೆಮುಂಟೊ ಹತ್ತಿರ ಓಡಿದ. "ಮೇಡಂ, ನನ್ನ ಖಾತೆ ತೆರೀರಿ."

"ರಜೇಲಿರೋನಿಗೆ ತೆರೆಯೋ ನಿಯಮ ಇಲ್ಲ. ರಜೆ ವಾಪಸ್ ತಗೋ, ತೆರೀತೀನಿ."

"ತಗೊಂಡ್ರೆ ತಂಗಿ ಮದುವೆ ನಿಲ್ಲುತ್ತೆ!"

"ಅದು ನನ್ನ ವಿಭಾಗಕ್ಕೆ ಬರಲ್ಲ."

ಕೊನೆಗೆ ಸಾಹೇಬರ ಬೀರುವಿನಲ್ಲಿ ಆಪತ್ಕಾಲಕ್ಕೆಂದು ಅರಗು ಹಾಕಿಟ್ಟಿದ್ದ ಪಾಸ್‌ವರ್ಡ್ ಹೊರಬಂತು. ನ್ಯೊಂಗೇಸ ಈ ಸಲ ಕೆಲಸವನ್ನು ಸರಿಯಾಗಿಯೇ ಮಾಡಿದ. ಸರ್ವರ್‌ಗೆ ಬೇರೆಯೇ ಖಾತೆ, ಬೇಕಾದಷ್ಟೇ ಅನುಮತಿ. ಇನ್ನು ಯಾರ ರಜೆಗೂ ಅದು ಅಲುಗದು. ಆದರೆ ಹೊಸ ಖಾತೆಗೆ ಸಿಬ್ಬಂದಿ ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು ತುಂಬದೆ ಯಂತ್ರ ಮುಂದೆ ಹೋಗಲೊಲ್ಲದು. ಅವನು ಎದೆಯುಬ್ಬಿಸಿ ತನ್ನ ಅಜ್ಜನ ಹೆಸರು ಬರೆದ: ಸಿಮಿಯು ಖಾಯೆಂಬ. ದೊಣ್ಣೆ ಹಿಡಿದು ಊರಿನ ಕಣಜ ಕಾದ ಅಜ್ಜ! ಕಡತಗಳು ತೆರೆದುಕೊಂಡವು, ಸಾಹೇಬರು ಬೆನ್ನು ತಟ್ಟಿದರು, ನ್ಯೊಂಗೇಸ ಓಡಿ ಬಸ್ಸು ಹಿಡಿದ.

ದಾರಿಯಲ್ಲಿ ನಕುರು ಹತ್ತಿರ ಬರುವಾಗ ಫೋನು. ಕೆಮುಂಟೊ ಮೇಡಂ ದನಿಯಲ್ಲಿ ಡೊಳ್ಳು ಬಾರಿಸುತ್ತಿತ್ತು.

"ಕೇಳಿಲ್ಲಿ! ನಮ್ಮಲ್ಲೂ ಒಬ್ಬ ಸುಳ್ಳು ಹೆಸರಲ್ಲಿ ಸಂಬಳ ತಿನ್ನೋ ದೆವ್ವದ ನೌಕರ ಸಿಕ್ಕ. ಹೆಸರುಂಟು, ಮುಖ ಇಲ್ಲ, ಕುರ್ಚಿ ಇಲ್ಲ, ಬೆರಳಚ್ಚಿಲ್ಲ. ಯಾರೋ ಸಿಮಿಯು ಖಾಯೆಂಬ ಅಂತೆ. ಅಳಿಸಿಹಾಕ್ದೆ. ಎಲ್ರೂ ಚಪ್ಪಾಳೆ ತಟ್ಟಿದ್ರು!"

"ಅಯ್ಯೋ ಮೇಡಂ, ಅದು ನಮ್ಮಜ್ಜ!"

ಮೇಡಂ ದನಿ ಇನ್ನೂ ಏರಿತು.

"ಹಾಗಾದ್ರೆ ಸಂಬಂಧಿಕನ್ನ ನೀನೇ ಸೇರಿಸಿದ್ದು! ಅವನನ್ನ ಸೇರಿಸಿದೋರ ಮೇಲೆ ಸಾಹೇಬ್ರು ಆಗ್ಲೇ ನೋಟಿಸು ಬರೆಸಿದಾರೆ, ಅಂದ್ರೆ ನಿನ್ನ ಮೇಲೇ. ಆದ್ರೆ ಆ ದೆವ್ವನ್ನ ಅಳಿಸಿದಾಗಿಂದ ಅದ್ಯಾಕೋ ನೋಟಿಸಿನ ಕಡತಾನೂ ತೆರೀತಿಲ್ಲ. ಈಗ್ಲೇ ವಾಪಸ್ ಬಂದು ತೆಗೆದುಕೊಡು."

ಹಸುಗಳ ಮಾತುಕತೆ ಮುಂದಿನ ತಿಂಗಳಿಗೆ ಹೋಯಿತು. ನ್ಯೊಂಗೇಸ ಚೀಲ ಹೆಗಲಿಗೇರಿಸಿ ಎದ್ದ. ಇಳಿಯುವ ಮುನ್ನ ಪಕ್ಕದವನ ಕಡೆ ತಿರುಗಿ ಮೀಸೆ ತಿರುವಿದ.

"ನೋಡಿದ್ರಾ? ನಾನಿಲ್ದೆ ನನ್ನ ಮೇಲಿನ ನೋಟಿಸು ಕೂಡ ಅಲ್ಲಾಡಲ್ಲ!"